ಸಾವಿರವೋ, ಸಾವಿರದ ಇಪ್ಪತ್ತನಾಲ್ಕೋ?

ಮೆಟ್ರಿಕ್ ಪದ್ಧತಿಯು ಜಾರಿಗೆ ಬರುವುದಕ್ಕೆ ಮೊದಲು ಭಾರತದಲ್ಲಿ ಬೆಲ್ಲ, ಹತ್ತಿ, ಧಾನ್ಯ ಮೊದಲಾದ ಸರಕುಗಳನ್ನು ಮಣದ ಲೆಕ್ಕದಲ್ಲಿ ತೂಗುತ್ತಿದ್ದರು. ಮಣವೆಂಬ ಮಾತು ಒಂದೇ ಆಗಿದ್ದರೂ ಅದರ ತೂಕವು ಎಲ್ಲ ಕಡೆಗಳಲ್ಲಿಯೂ ಒಂದೇ ಆಗಿರಲಿಲ್ಲ. ಮದರಾಸಿನ ಮಣವು ಸುಮಾರು 25 ಪೌಂಡು. ಮುಂಬಯಿಯ ಮಣವು ಸುಮಾರು 28 ಪೌಂಡು. ಬಂಗಾಳದ ಮಣವಾದರೋ 82 ಪೌಂಡುಗಳಿಗೂ ಮಿಕ್ಕದ್ದು. ಹತ್ತು ಮಣ ಸರಕು ಬೇಕೆಂದು ಕಾಗದ ಬರೆದ ವರ್ತಕನು ಅದು ಯಾವ ಸೀಮೆಯ ಮಣವೆಂಬುದನ್ನು ತಿಳಿಸಲು ಮರೆತನಾದರೆ, ಬಂಡಿ ಬಂದು ನಿಂತ ಮೇಲೆ ವಾಗ್ವಾದವು ತಪ್ಪುತ್ತಿರಲಿಲ್ಲ. ಇಬ್ಬರೂ ಪ್ರಾಮಾಣಿಕರೇ ಆಗಿದ್ದರೂ ಇಬ್ಬರಿಗೂ ಮೋಸವಾದಂತೆಯೇ ತೋರುತ್ತಿತ್ತು.

ಈ ಗೊಂದಲವನ್ನು ನೀಗುವುದಕ್ಕಾಗಿ ಸಂಸತ್ತು 1956ರಲ್ಲಿ ತೂಕ ಮತ್ತು ಅಳತೆಗಳ ಮಾನಕಗಳ ಕಾಯಿದೆಯನ್ನು ಅಂಗೀಕರಿಸಿತು. 1957ರ ಏಪ್ರಿಲ್ 1ರಂದು ನಾಣ್ಯವೂ ದಶಮಾನ ಪದ್ಧತಿಗೆ ಬಂದಿತು. ಅದುವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದು ಬಾಯಿಪಾಠ ಮಾಡಿದ್ದ ಜನರು ರೂಪಾಯಿಗೆ 100 ನಯಾ ಪೈಸೆ ಎಂದು ಎಣಿಸಲು ಕಲಿತರು. ಕಿಲೋ ಎಂದರೆ ಸಾವಿರ ಎಂಬುದು ಮನೆಮಾತಾಯಿತು. ಸಾವಿರ ಗ್ರಾಮಿಗೆ ಒಂದು ಕಿಲೋಗ್ರಾಮು, ಸಾವಿರ ಮೀಟರಿಗೆ ಒಂದು ಕಿಲೋಮೀಟರು. ಒಂದು ಹೆಸರಿಗೆ ಎರಡು ಅಳತೆಗಳಿರುವ ಕಾಲವು ಅಲ್ಲಿಗೆ ಮುಗಿಯಿತೆಂದೇ ಜನರು ಭಾವಿಸಿರಬೇಕು. ಆದರೆ ಸುಮಾರು ಅದೇ ವರ್ಷಗಳಲ್ಲಿ, ಸಾಗರದಾಚೆಯ ಪ್ರಯೋಗಶಾಲೆಗಳಲ್ಲಿ, ಹಳೆಯ ಮಣದ ತೊಡಕು ಹೊಸ ವೇಷದಲ್ಲಿ ಹುಟ್ಟುತ್ತಿತ್ತು.

ಆ ತೊಡಕನ್ನು ಇಂದು ಯಾರಾದರೂ ಕಣ್ಣಾರೆ ಕಾಣಬಹುದು. ಅಂಗಡಿಯಿಂದ ತಂದ ಒಂದು ಡಿಸ್ಕಿನ ಪೆಟ್ಟಿಗೆಯ ಮೇಲೆ 500 ಗಿಗಾಬೈಟ್ ಎಂದು ಅಚ್ಚಾಗಿರುತ್ತದೆ. ಅದನ್ನು ವಿಂಡೋಸ್ ವ್ಯವಸ್ಥೆಯುಳ್ಳ ಗಣಕಯಂತ್ರಕ್ಕೆ ಜೋಡಿಸಿದೊಡನೆ ಪರದೆಯ ಮೇಲೆ ಸುಮಾರು 465 ಎಂಬ ಅಂಕೆಯು ಮೂಡುತ್ತದೆ. ಡಿಸ್ಕು ಹೊಸದು, ಅದರಲ್ಲಿ ಯಾರೂ ಏನನ್ನೂ ಬರೆದಿಲ್ಲ. ಹಾಗಾದರೆ ಉಳಿದ ಮೂವತ್ತನಾಲ್ಕಕ್ಕೂ ಹೆಚ್ಚು ಗಿಗಾಬೈಟುಗಳು ಎಲ್ಲಿ ಹೋದವು? ಅಂಗಡಿಯವನು ಕದ್ದನೆ? ತಯಾರಕನು ಸುಳ್ಳು ಹೇಳಿದನೆ? ಯಂತ್ರವು ಲೆಕ್ಕ ತಪ್ಪಿತೆ? ಈ ಮೂರೂ ಅಲ್ಲ. ಅದೇನೆಂಬುದನ್ನು ಅರಿಯಬೇಕಾದರೆ ಅಳತೆಯ ಅತ್ಯಂತ ಸಣ್ಣ ಕಾಳಿನಿಂದಲೇ ಆರಂಭಿಸಬೇಕು.

ಗಣಕಯಂತ್ರವು ತನ್ನೊಳಗೆ ಸಂಗ್ರಹಿಸುವ ಸಮಸ್ತವೂ, ಅದು ಅಕ್ಷರವಿರಲಿ, ಚಿತ್ರವಿರಲಿ, ಹಾಡಿರಲಿ, ಎರಡೇ ಗುರುತುಗಳಿಂದ ರಚಿತವಾಗಿರುತ್ತದೆ. ವಿದ್ಯುತ್ತು ಇದೆ, ಇಲ್ಲ. ಕಾಂತದ ಮುಖವು ಇತ್ತ, ಅತ್ತ. ಬರಹದಲ್ಲಿ ಇವನ್ನು 1 ಮತ್ತು 0 ಎಂದು ಸೂಚಿಸುವುದು ವಾಡಿಕೆ. ಇಂಥ ಒಂದು ಗುರುತಿಗೆ ಬಿಟ್ ಎಂದು ಹೆಸರು. ಅಮೆರಿಕದ ಗಣಿತಜ್ಞನಾದ ಕ್ಲಾಡ್ ಶ್ಯಾನನ್ ಎಂಬಾತನು 1948ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಈ ಹೆಸರನ್ನು ಬಳಸಿದನು. ಆದರೆ ಅದನ್ನು ಸೂಚಿಸಿದವನು ತನ್ನ ಮಿತ್ರನಾದ ಜಾನ್ ಟ್ಯೂಕಿ ಎಂದು ಅಲ್ಲಿಯೇ ತಿಳಿಸಿದ್ದಾನೆ. ದ್ವಿಮಾನ ಅಂಕಿ ಎಂಬರ್ಥದ ಎರಡು ಇಂಗ್ಲಿಷ್ ಪದಗಳನ್ನು ಮುರಿದು ಕೂಡಿಸಿದ ಮಾತು ಅದು.

ಕನ್ನಡ ಛಂದಸ್ಸನ್ನು ಓದಿದವರಿಗೆ ಈ ವಿಚಾರವು ಹೊಸದಾಗಿ ತೋರಬೇಕಾಗಿಲ್ಲ. ಅಕ್ಷರಗಣದ ಲೆಕ್ಕದಲ್ಲಿ ಪದ್ಯದ ಪ್ರತಿಯೊಂದು ಅಕ್ಷರವೂ ಲಘುವಾಗಿರಬೇಕು, ಇಲ್ಲವೆ ಗುರುವಾಗಿರಬೇಕು, ಮೂರನೆಯ ದಾರಿಯಿಲ್ಲ. ಮೂರು ಅಕ್ಷರಗಳ ಗುಂಪನ್ನು ತೆಗೆದುಕೊಂಡರೆ ಮೂರೂ ಗುರುವಾಗಿರುವ ಮಗಣದಿಂದ ಮೂರೂ ಲಘುವಾಗಿರುವ ನಗಣದವರೆಗೆ ಒಟ್ಟು ಎಂಟು ಗಣಗಳು ದೊರೆಯುತ್ತವೆ. ಗಣಗಳು ಎಂಟೇ ಏಕೆ, ಏಳೋ ಒಂಬತ್ತೋ ಏಕಲ್ಲ ಎಂಬುದಕ್ಕೆ ಕಾರಣವು ಸರಳವಾಗಿದೆ: ಎರಡನ್ನು ಮೂರು ಸಾರಿ ಗುಣಿಸಿದರೆ ಎಂಟು. ಅಕ್ಷರವೊಂದು ಹೆಚ್ಚಿದಾಗಲೆಲ್ಲ ವಿನ್ಯಾಸಗಳು ಇಮ್ಮಡಿಯಾಗುತ್ತವೆ. ನಾಲ್ಕು ಅಕ್ಷರಕ್ಕೆ 16, ಐದಕ್ಕೆ 32, ಎಂಟಕ್ಕೆ 256. ಪಿಂಗಳನ ಛಂದಃಶಾಸ್ತ್ರದ ಪರಂಪರೆಯಲ್ಲಿ ಪ್ರಸ್ತಾರವೆಂದು ಕರೆಯುವ ಎಣಿಕೆಯು ಇದೇ. ಲಘುವಿನ ಸ್ಥಾನದಲ್ಲಿ ಸೊನ್ನೆಯನ್ನೂ ಗುರುವಿನ ಸ್ಥಾನದಲ್ಲಿ ಒಂದನ್ನೂ ಇಟ್ಟರೆ ಗಣಕಯಂತ್ರದ ಬಿಟ್‌ಗಳ ಸಾಲು ಸಿದ್ಧವಾಗುತ್ತದೆ.

ಒಂಟಿ ಬಿಟ್‌ನಿಂದ ಹೆಚ್ಚೇನೂ ಹೇಳಲಾಗದು. ಆದುದರಿಂದ ಬಿಟ್‌ಗಳನ್ನು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಅಕ್ಷರವನ್ನು ಒಪ್ಪಿಸುವ ಪದ್ಧತಿಯು ಬಂದಿತು. ಐಬಿಎಂ ಸಂಸ್ಥೆಯಲ್ಲಿ ಸ್ಟ್ರೆಚ್ ಎಂಬ ಯಂತ್ರದ ರಚನೆಯಲ್ಲಿ ತೊಡಗಿದ್ದ ವೆರ್ನರ್ ಬುಕ್‌ಹೋಲ್ಟ್ಸ್ ಎಂಬಾತನು 1956ರಲ್ಲಿ ಈ ಗುಂಪಿಗೆ ಬೈಟ್ ಎಂಬ ಹೆಸರನ್ನಿಟ್ಟನು. ತುತ್ತು ಎಂಬರ್ಥದ ಇಂಗ್ಲಿಷ್ ಪದವೇ ಅದು. ಅವಸರದ ಬರಹದಲ್ಲಿ ಬಿಟ್ ಎಂದು ಓದಿಹೋಗದಿರಲೆಂದು ಅದರ ಕಾಗುಣಿತವನ್ನು ಬೇಕೆಂದೇ ಬದಲಿಸಿದರು. ಮೊದಮೊದಲು ಒಂದು ಬೈಟಿಗೆ ಇಷ್ಟೇ ಬಿಟ್‌ಗಳೆಂಬ ಕಟ್ಟುಪಾಡು ಇರಲಿಲ್ಲ. ಆರು ಬಿಟ್‌ಗಳ ಗುಂಪುಗಳು ಬಹಳ ಕಾಲ ಬಳಕೆಯಲ್ಲಿದ್ದವು. 1964ರಲ್ಲಿ ಅದೇ ಸಂಸ್ಥೆಯು ಹೊರತಂದ ಸಿಸ್ಟಂ 360 ಎಂಬ ಯಂತ್ರಮಾಲೆಯು ಎಂಟು ಬಿಟ್‌ಗಳ ಬೈಟನ್ನು ಅಳವಡಿಸಿಕೊಂಡಿತು. ಆ ಯಂತ್ರಗಳು ಹೆಚ್ಚು ಪ್ರಚಾರಕ್ಕೆ ಬಂದುದರಿಂದ ಎಂಟು ಬಿಟ್‌ಗಳಿಗೆ ಒಂದು ಬೈಟ್ ಎಂಬುದು ಲೋಕರೂಢಿಯಾಯಿತು. ಅನುಷ್ಟುಪ್ಪಿನ ಒಂದು ಪಾದಕ್ಕೂ ಎಂಟೇ ಅಕ್ಷರಗಳೆಂಬುದು ಕಾಕತಾಳೀಯವಾದರೂ ನೆನಪಿಗೆ ಅನುಕೂಲವಾದ ಸಂಗತಿ.

ಇಲ್ಲಿಯವರೆಗೆ ವಿವಾದವೇನೂ ಇಲ್ಲ. ವಿವಾದವು ಹುಟ್ಟುವುದು ಬೈಟುಗಳನ್ನು ರಾಶಿ ಹಾಕುವಾಗ.

ಯಂತ್ರದ ಸ್ಮರಣೆಯನ್ನು ಒಂದು ಉದ್ದವಾದ ಬೀದಿಯೆಂದು ಭಾವಿಸಬಹುದು. ಬೀದಿಯ ಪ್ರತಿಯೊಂದು ಮನೆಯಲ್ಲಿಯೂ ಒಂದು ಬೈಟ್ ವಾಸವಾಗಿದೆ. ಪ್ರತಿ ಮನೆಗೂ ಒಂದು ಸಂಖ್ಯೆಯಿದೆ. ಯಂತ್ರವು ಮನೆಯನ್ನು ಹುಡುಕುವಾಗ ಆ ಸಂಖ್ಯೆಯನ್ನು ತಂತಿಗಳ ಮೂಲಕ ಕಳುಹಿಸುತ್ತದೆ. ಪ್ರತಿ ತಂತಿಯಲ್ಲಿಯೂ ವಿದ್ಯುತ್ತು ಇರುತ್ತದೆ ಅಥವಾ ಇರುವುದಿಲ್ಲ. ಒಂದು ತಂತಿಯಿಂದ ಎರಡು ಮನೆಗಳನ್ನು ಗುರುತಿಸಬಹುದು, ಎರಡು ತಂತಿಗಳಿಂದ ನಾಲ್ಕು, ಮೂರರಿಂದ ಎಂಟು. ಹೀಗೆ ಇಮ್ಮಡಿಸುತ್ತ ಹೋದರೆ ಹತ್ತು ತಂತಿಗಳಿಗೆ 1,024 ಮನೆಗಳು. ಸಾವಿರ ಮನೆಗಳನ್ನಷ್ಟೇ ಕಟ್ಟಿದರೆ ಇಪ್ಪತ್ತನಾಲ್ಕು ಸಂಖ್ಯೆಗಳು ವ್ಯರ್ಥವಾಗಿ ಉಳಿಯುತ್ತವೆ. ಆದುದರಿಂದ ಸ್ಮರಣೆಯ ಗಾತ್ರವು ಸಹಜವಾಗಿಯೇ 1,024, 2,048, 4,096 ಎಂಬ ಕ್ರಮದಲ್ಲಿ ಬೆಳೆಯಿತು.

1,024 ಎಂಬುದು ಸಾವಿರಕ್ಕೆ ಬಹು ಸಮೀಪದ ಸಂಖ್ಯೆ. ಎಂಜಿನಿಯರುಗಳು ಮಾತಿನ ಸೌಕರ್ಯಕ್ಕಾಗಿ ಅದನ್ನೇ ಕಿಲೋ ಎಂದು ಕರೆಯತೊಡಗಿದರು. ನೂರಕ್ಕೆ ಎರಡೂವರೆಯಷ್ಟೂ ಇಲ್ಲದ ವ್ಯತ್ಯಾಸ. ಅದನ್ನು ಅರಿತ ಕೆಲವರೊಳಗಣ ಪರಿಭಾಷೆ. ಆಗ ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ಆದರೂ ಗೊಂದಲದ ಮೊಳಕೆಯು ಆಗಲೇ ಕಾಣಿಸಿಕೊಂಡಿತ್ತು. 65,536 ಮನೆಗಳ ಸ್ಮರಣೆಯನ್ನು ಕೆಲವರು 64 ಕೆ ಎಂದೂ ಕೆಲವರು 65 ಕೆ ಎಂದೂ ಕರೆದರು. ಮೊದಲನೆಯವರು 1,024ರಿಂದ ಭಾಗಿಸಿದ್ದರು, ಎರಡನೆಯವರು ಸಾವಿರದಿಂದ ಭಾಗಿಸಿ ಶೇಷವನ್ನು ಬಿಟ್ಟಿದ್ದರು. ವಸ್ತು ಒಂದೇ, ಅಂಕೆ ಎರಡು.

ಕಿಲೋ ಎಂಬುದು ಸಾವಿರವೆಂಬರ್ಥದ ಗ್ರೀಕ್ ಪದದಿಂದ ಬಂದುದು. ಫ್ರಾನ್ಸಿನಲ್ಲಿ 1795ರ ಮೆಟ್ರಿಕ್ ಶಾಸನದ ಕಾಲದಿಂದಲೂ ಅದರ ಅರ್ಥವು ನಿಶ್ಚಿತವಾಗಿದೆ. 1960ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವು ಅದರ ಮೇಲಿನ ಮೆಟ್ಟಿಲುಗಳಾದ ಮೆಗಾ, ಗಿಗಾ, ಟೆರಾ ಎಂಬುವನ್ನೂ ಅಧಿಕೃತವಾಗಿ ಸ್ವೀಕರಿಸಿತು. ಮೆಗಾ ಎಂದರೆ ಮಹತ್ತು, ಗಿಗಾ ಎಂದರೆ ದೈತ್ಯ, ಟೆರಾ ಎಂದರೆ ಭೂತಾಕಾರ. ಇವನ್ನು ಭಾರತೀಯ ಎಣಿಕೆಗೆ ತಂದುಕೊಂಡರೆ ಭೂತದ ಭಯವು ಹೋಗುತ್ತದೆ: ಮೆಗಾ ಎಂದರೆ ಹತ್ತು ಲಕ್ಷ, ಗಿಗಾ ಎಂದರೆ ನೂರು ಕೋಟಿ, ಟೆರಾ ಎಂದರೆ ಲಕ್ಷ ಕೋಟಿ. ಒಂದೊಂದು ಮೆಟ್ಟಿಲೂ ಅದರ ಕೆಳಗಿನದಕ್ಕಿಂತ ಸರಿಯಾಗಿ ಸಾವಿರ ಪಾಲು ದೊಡ್ಡದು.

ಎಂಜಿನಿಯರುಗಳು ಈ ಹೆಸರುಗಳನ್ನೆಲ್ಲ ಕಡವಾಗಿ ತಂದುಕೊಂಡು, ಒಂದೊಂದು ಮೆಟ್ಟಿಲಿಗೂ 1,024 ಪಾಲನ್ನು ಹಿಡಿದರು. ಸಣ್ಣ ವ್ಯತ್ಯಾಸವು ಸಣ್ಣದಾಗಿ ಉಳಿಯಲಿಲ್ಲ. ಅದು ಸಾಲದ ಮೇಲಿನ ಚಕ್ರಬಡ್ಡಿಯಂತೆ ಬೆಳೆಯಿತು. ಕಿಲೋಬೈಟಿನಲ್ಲಿ ಶೇಕಡ 2.4 ಇದ್ದದ್ದು ಮೆಗಾಬೈಟಿನಲ್ಲಿ 4.9 ಆಯಿತು; ಅಲ್ಲಿ ಸಂಖ್ಯೆಯು 10,00,000 ಅಲ್ಲ, 10,48,576. ಗಿಗಾಬೈಟಿನಲ್ಲಿ ಅದು 1,07,37,41,824. ವ್ಯತ್ಯಾಸವು ಶೇಕಡ 7.4ರಷ್ಟು. ಟೆರಾಬೈಟಿಗೆ ಬರುವಷ್ಟರಲ್ಲಿ ಶೇಕಡ ಹತ್ತನ್ನು ಬಹುಮಟ್ಟಿಗೆ ಮುಟ್ಟಿತು. ತಕ್ಕಡಿಯಲ್ಲಿ ಹತ್ತರಲ್ಲೊಂದು ಪಾಲು ವ್ಯತ್ಯಾಸ ಬಂದರೆ ಸಂತೆಯಲ್ಲಿ ಯಾರೂ ಸುಮ್ಮನಿರುವುದಿಲ್ಲ.

ಇನ್ನು ಡಿಸ್ಕಿನ ವಿಷಯ. ಡಿಸ್ಕಿಗೆ ಮನೆಸಂಖ್ಯೆಯ ತಂತಿಗಳ ನಿರ್ಬಂಧವಿಲ್ಲ. ಅದು ತಿರುಗುವ ತಟ್ಟೆ. ಅದರ ಮೇಲೆ ವರ್ತುಲಗಳಿರುತ್ತವೆ. ವರ್ತುಲಗಳನ್ನು ತುಂಡುಗಳಾಗಿ ವಿಂಗಡಿಸಿರುತ್ತಾರೆ. ವರ್ತುಲಗಳು ಎಷ್ಟಾದರೂ ಇರಬಹುದು. 1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ರಾಮಾಕ್ ಎಂಬ ಯಂತ್ರದ ಡಿಸ್ಕು ಘಟಕವು ಈ ಜಾತಿಯ ಸಂಗ್ರಹಗಳಿಗೆ ಮೂಲಪುರುಷ. ಇಪ್ಪತ್ತನಾಲ್ಕು ಅಂಗುಲ ವ್ಯಾಸದ ಐವತ್ತು ತಟ್ಟೆಗಳು, ಒಂದು ಟನ್ನಿಗೂ ಹೆಚ್ಚಿನ ತೂಕ. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಒಂದೊಂದು ಅಕ್ಷರಕ್ಕೂ ಆರು ಬಿಟ್. ಎಂದರೆ ಒಟ್ಟು ಮೂರು ಕೋಟಿ ಬಿಟ್. ಅದನ್ನು ಎಂಟರಿಂದ ಭಾಗಿಸಿದರೆ ಇಂದಿನ ಬೈಟುಗಳಲ್ಲಿ 37,50,000, ಮೂರೂಮುಕ್ಕಾಲು ಮೆಗಾಬೈಟ್. ಇಂದು ಕೈಯಲ್ಲಿ ಹಿಡಿಯುವ ದೂರವಾಣಿಯಿಂದ ತೆಗೆದ ಒಂದೆರಡು ಛಾಯಾಚಿತ್ರಗಳಿಗೆ ಅಷ್ಟು ಸ್ಥಳ ಬೇಕು. ಗಮನಿಸಬೇಕಾದ ಅಂಶವೆಂದರೆ, ಆ ಮೊದಲ ಡಿಸ್ಕನ್ನೇ ಲಕ್ಷಗಳ ಲೆಕ್ಕದಲ್ಲಿ, ಹತ್ತರ ಪದ್ಧತಿಯಲ್ಲಿ ಅಳೆದಿದ್ದರು. ಡಿಸ್ಕು ತಯಾರಕರು ಅಂದಿನಿಂದ ಇಂದಿನವರೆಗೆ ಬಹುಮಟ್ಟಿಗೆ ಅದೇ ಪದ್ಧತಿಯನ್ನು ಅನುಸರಿಸುತ್ತಿದ್ದಾರೆ.

ಹೀಗೆ ಒಂದೇ ಗಣಕಯಂತ್ರದ ಒಳಗೆ ಎರಡು ಮಣಗಳು ಬಂದು ಕುಳಿತವು. ಡಿಸ್ಕನ್ನು ಮಾಡಿದವನು ಸಾವಿರದಿಂದ ಗುಣಿಸುತ್ತಾನೆ. ಪರದೆಯ ಮೇಲೆ ಅಂಕೆಯನ್ನು ಮೂಡಿಸುವ ತಂತ್ರಾಂಶವು 1,024ರಿಂದ ಭಾಗಿಸುತ್ತದೆ. ಕಾಣೆಯಾದ ಗಿಗಾಬೈಟುಗಳ ಗುಟ್ಟು ಇಷ್ಟೆ.

ಇಂಥ ಪರಿವರ್ತನೆಯನ್ನು ಮಾಡಲು ಸೂತ್ರಗಳ ಪಟ್ಟಿಯನ್ನು ಉರುಹೊಡೆಯಬೇಕಾಗಿಲ್ಲ. ಎರಡೇ ಹೆಜ್ಜೆಗಳು ಸಾಕು. ಮೊದಲು ಕೊಟ್ಟ ಅಳತೆಯನ್ನು, ಕೊಟ್ಟವನ ಪದ್ಧತಿಯಲ್ಲಿಯೇ, ಬೈಟುಗಳಿಗೆ ಇಳಿಸಬೇಕು. ಬಳಿಕ ಆ ಬೈಟುಗಳನ್ನು ಬೇಕಾದ ಪದ್ಧತಿಯಲ್ಲಿ ಮೇಲಕ್ಕೆ ಏರಿಸಬೇಕು. ಬೈಟ್ ಎಂಬುದು ಎರಡು ಪದ್ಧತಿಗಳಿಗೂ ಸಮಾನವಾದ ನೆಲ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಅಡ್ಡಲಾಗಿ ಹಾರಲು ಹೋದವರು ಎಡವುತ್ತಾರೆ. 500 ಗಿಗಾಬೈಟಿನ ಡಿಸ್ಕನ್ನೇ ತೆಗೆದುಕೊಂಡರೆ, ತಯಾರಕನ ಲೆಕ್ಕದಂತೆ 500ನ್ನು ಸಾವಿರದಿಂದ ಮೂರು ಸಾರಿ ಗುಣಿಸಬೇಕು. ದೊರೆಯುವುದು 50,000 ಕೋಟಿ ಬೈಟುಗಳು. ಇದನ್ನು 1,024ರಿಂದ ಒಂದು ಸಾರಿ ಭಾಗಿಸಿದರೆ 48,82,81,250. ಎರಡನೆಯ ಸಾರಿ ಭಾಗಿಸಿದರೆ ಸುಮಾರು 4,76,837. ಮೂರನೆಯ ಸಾರಿ ಭಾಗಿಸಿದರೆ 465.66. ಪರದೆಯ ಮೇಲೆ ಕಂಡ ಅಂಕೆಯು ಇದೇ. ಬೈಟುಗಳು 50,000 ಕೋಟಿ ಇದ್ದವು, 50,000 ಕೋಟಿ ಇವೆ, ಒಂದೂ ಕಾಣೆಯಾಗಿಲ್ಲ. ಇದೇ ರೀತಿಯಲ್ಲಿ ಒಂದು ಟೆರಾಬೈಟಿನ ಡಿಸ್ಕು ಪರದೆಯ ಮೇಲೆ ಸುಮಾರು 931 ಗಿಗಾಬೈಟ್ ಎಂದು ತೋರುತ್ತದೆ.

ಸ್ಮರಣೆಯ ಬಿಲ್ಲೆಗಳಲ್ಲಿ ಈ ವ್ಯತ್ಯಾಸವು ತಿರುವುಮುರುವಾಗುತ್ತದೆ. ಎಂಟು ಗಿಗಾಬೈಟಿನ ಸ್ಮರಣೆಯೆಂದು ಮಾರುವ ಬಿಲ್ಲೆಯು 1,024ರ ಲೆಕ್ಕದ್ದು. ಅದರಲ್ಲಿ 8,58,99,34,592 ಬೈಟುಗಳಿರುತ್ತವೆ. ಹತ್ತರ ಪದ್ಧತಿಯಲ್ಲಿ ಅದು ಎಂಟೂವರೆಗೂ ಮಿಕ್ಕ ಗಿಗಾಬೈಟು. ಇಲ್ಲಿ ಕೊಂಡವನಿಗೆ ಹೆಸರಿಗಿಂತ ಹೆಚ್ಚೇ ದೊರೆಯುತ್ತದೆ. ಆದರೆ ಹೆಚ್ಚು ಕೊಟ್ಟನೆಂದು ಯಾರೂ ಅಂಗಡಿಯವನೊಡನೆ ಜಗಳಕ್ಕೆ ಹೋಗುವುದಿಲ್ಲ.

ಎರಡು ಪದ್ಧತಿಗಳನ್ನು ಕಲಬೆರಕೆ ಮಾಡಿದ ಮೂರನೆಯದೊಂದೂ ಇತ್ತೆಂಬುದು ವಿನೋದದ ಸಂಗತಿ. 1987ರಿಂದ ವೈಯಕ್ತಿಕ ಗಣಕಯಂತ್ರಗಳಲ್ಲಿ ಬಳಕೆಗೆ ಬಂದು, ಬಹಳ ವರ್ಷಗಳ ಕಾಲ ಶಾಲೆ ಕಚೇರಿಗಳಲ್ಲೆಲ್ಲ ಕಾಣುತ್ತಿದ್ದ ಮೂರೂವರೆ ಅಂಗುಲದ ಫ್ಲಾಪಿ ಡಿಸ್ಕಿನ ಮೇಲೆ 1.44 ಮೆಗಾಬೈಟ್ ಎಂದು ಬರೆದಿರುತ್ತಿದ್ದರು. ಅದಕ್ಕೆ ಎರಡು ಮುಖಗಳು. ಮುಖಕ್ಕೆ 80 ವರ್ತುಲಗಳು. ವರ್ತುಲಕ್ಕೆ 18 ತುಂಡುಗಳು. ತುಂಡಿಗೆ 512 ಬೈಟುಗಳು. ಇವನ್ನೆಲ್ಲ ಗುಣಿಸಿದರೆ 14,74,560 ಬೈಟುಗಳಾಗುತ್ತವೆ. ಸಾವಿರದ ಲೆಕ್ಕದಲ್ಲಿ ಇದು 1.47 ಮೆಗಾಬೈಟು. 1,024ರ ಲೆಕ್ಕದಲ್ಲಿ 1.41. ಹಾಗಾದರೆ 1.44 ಎಲ್ಲಿಂದ ಬಂದಿತು? ಮೊದಲು 1,024ರಿಂದ ಭಾಗಿಸಿ 1,440 ಕಿಲೋಬೈಟ್ ಎಂದು ತೆಗೆದರು. ಆಮೇಲೆ ಅದನ್ನು ಸಾವಿರದಿಂದ ಭಾಗಿಸಿದರು. ಒಂದು ಹೆಜ್ಜೆಯನ್ನು ಬಂಗಾಳದ ಮಣದಲ್ಲಿಯೂ ಮತ್ತೊಂದನ್ನು ಮದರಾಸಿನ ಮಣದಲ್ಲಿಯೂ ಇಟ್ಟ ಹಾಗಾಯಿತು. ಯಾವ ಪದ್ಧತಿಯಲ್ಲಿಯೂ ಸರಿಯಲ್ಲದ ಈ ಅಂಕೆಯನ್ನು ಲೋಕವೆಲ್ಲ ನಂಬಿ ಉಚ್ಚರಿಸುತ್ತಿತ್ತು.

ಲೆಕ್ಕವು ಚೊಕ್ಕವಾಗಿ ಹೊಂದುವ ಉದಾಹರಣೆಗಳೂ ಇವೆ. 1969ರ ಜುಲೈ ತಿಂಗಳಿನಲ್ಲಿ ಮಾನವನು ಚಂದ್ರನ ಮೇಲೆ ಇಳಿದಾಗ ಅಪೊಲೊ ನೌಕೆಗೆ ದಾರಿ ತೋರಿದ ಗಣಕಯಂತ್ರದಲ್ಲಿ ಎರಡು ಬಗೆಯ ಸ್ಮರಣೆಗಳಿದ್ದವು. ಅಳಿಸಿ ಬರೆಯಲಾಗದ ಸ್ಥಿರ ಸ್ಮರಣೆಯಲ್ಲಿ 36,864 ಪದಗಳಿದ್ದವು. ಇಲ್ಲಿ ಪದವೆಂದರೆ ಭಾಷೆಯ ಪದವಲ್ಲ, ಹದಿನಾರು ಬಿಟ್‌ಗಳ ಗುಂಪು; ಅವುಗಳಲ್ಲಿ ಹದಿನೈದು ಮಾಹಿತಿಗೆ, ಒಂದು ತಪ್ಪನ್ನು ಪತ್ತೆಹಚ್ಚುವುದಕ್ಕೆ. 36,864ನ್ನು 16ರಿಂದ ಗುಣಿಸಿ 8ರಿಂದ ಭಾಗಿಸಿದರೆ 73,728 ಬೈಟುಗಳು. ಅದನ್ನು 1,024ರಿಂದ ಭಾಗಿಸಿದರೆ ಶೇಷವೇ ಇಲ್ಲದೆ 72 ಬರುತ್ತದೆ. ಬದಲಾಯಿಸಬಹುದಾದ ಸ್ಮರಣೆಯು 2,048 ಪದಗಳದ್ದು. ಅದು ಸರಿಯಾಗಿ 4. ಈ ಸ್ಥಿರ ಸ್ಮರಣೆಯನ್ನು ಅಕ್ಷರಶಃ ನೇಯುತ್ತಿದ್ದರು. ಕಾರ್ಖಾನೆಯ ಹೆಂಗಸರು ಸೂಜಿಯಂಥ ಉಪಕರಣದಿಂದ ಸಣ್ಣ ಸಣ್ಣ ಕಾಂತದ ಬಳೆಗಳ ನಡುವೆ ತಂತಿಯನ್ನು ಪೋಣಿಸುತ್ತಿದ್ದರು. ತಂತಿಯು ಬಳೆಯ ಒಳಗೆ ಹಾದುಹೋದರೆ ಒಂದು, ಪಕ್ಕದಲ್ಲಿ ಹಾದುಹೋದರೆ ಸೊನ್ನೆ. ಒಂದು ಎಳೆಯು ತಪ್ಪಿದರೆ ಒಂದು ಬಿಟ್ ತಪ್ಪಿದಂತೆಯೇ. ಮೂವರ ಪ್ರಾಣವು ಆ ನೇಯ್ಗೆಯ ಮೇಲೆ ನಿಂತಿತ್ತು.

ಯಂತ್ರಗಳು ತಜ್ಞರ ಕೈಯಲ್ಲಿದ್ದಷ್ಟು ದಿನ ಎರಡು ಪದ್ಧತಿಗಳೂ ಹೇಗೋ ನಡೆದವು. ಅವು ಮನೆಮನೆಗೂ ಬಂದ ಮೇಲೆ, ಹಣ ತೆತ್ತು ಕೊಳ್ಳುವವರು ಪ್ರಶ್ನಿಸತೊಡಗಿದರು. 1998ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗವು ಒಂದು ಪರಿಹಾರವನ್ನು ಸೂಚಿಸಿತು. ಕಿಲೋ, ಮೆಗಾ, ಗಿಗಾ ಎಂಬ ಹೆಸರುಗಳು ಸಾವಿರದ ಪದ್ಧತಿಗೆ ಮಾತ್ರ ಮೀಸಲಾಗಿರಲಿ. 1,024ರ ಪದ್ಧತಿಗೆ ಕಿಬಿ, ಮೆಬಿ, ಗಿಬಿ, ಟೆಬಿ ಎಂಬ ಹೊಸ ಹೆಸರುಗಳಿರಲಿ ಎಂಬುದೇ ಆ ಪರಿಹಾರ. ಇದರಂತೆ 500 ಗಿಗಾಬೈಟ್ ಎಂಬುದೂ 465.66 ಗಿಬಿಬೈಟ್ ಎಂಬುದೂ ಒಂದೇ. ಕಿಲೋಮೀಟರು ಮತ್ತು ಮೈಲಿಗಳಂತೆ ಎರಡು ಹೆಸರು, ಎರಡು ಅಂಕೆ, ಒಂದೇ ದೂರ. ಪರಿಹಾರವು ನಿರ್ದುಷ್ಟವಾಗಿದೆ. ಆದರೆ ಹೊಸ ಹೆಸರುಗಳು ಕಿವಿಗೆ ಅಷ್ಟು ಹಿತವಾಗಿಲ್ಲವೆಂದೋ ಏನೋ, ಶಾಸ್ತ್ರಗ್ರಂಥಗಳಲ್ಲಿ ಸಿಕ್ಕಷ್ಟು ಮರ್ಯಾದೆ ಅವಕ್ಕೆ ಮಾರುಕಟ್ಟೆಯಲ್ಲಿ ಸಿಕ್ಕಲಿಲ್ಲ.

ವಿವಾದವು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಹೇಳಿದಷ್ಟು ಸ್ಥಳವು ಡಿಸ್ಕಿನಲ್ಲಿ ಕಾಣುವುದಿಲ್ಲವೆಂದು ಅಮೆರಿಕದ ಗ್ರಾಹಕರು ತಯಾರಕರ ಮೇಲೆ ದಾವೆ ಹೂಡಿದರು. ಇಂಥ ಒಂದು ದಾವೆಯು 2006ರಲ್ಲಿ ರಾಜಿಯಲ್ಲಿ ಮುಗಿದು, ಕೊಂಡವರಿಗೆ ತಂತ್ರಾಂಶವೊಂದನ್ನು ಉಚಿತವಾಗಿ ಕೊಡಲು ತಯಾರಕರು ಒಪ್ಪಿದರು. 2020ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯವು ಮತ್ತೊಂದು ಮೊಕದ್ದಮೆಯಲ್ಲಿ ತಯಾರಕರ ಪಕ್ಷವನ್ನು ಎತ್ತಿಹಿಡಿಯಿತು. ಗಿಗಾ ಎಂದರೆ ನೂರು ಕೋಟಿಯೆಂಬುದೇ ಸರಿಯಾದ ಅರ್ಥವೆಂಬುದು ಅಲ್ಲಿನ ತೀರ್ಪು. ಈ ನಡುವೆ ಆಪಲ್ ಸಂಸ್ಥೆಯು 2009ರಲ್ಲಿ ತನ್ನ ಗಣಕಯಂತ್ರಗಳ ತಂತ್ರಾಂಶವನ್ನು ಸಾವಿರದ ಪದ್ಧತಿಗೆ ಬದಲಾಯಿಸಿತು. ಆದುದರಿಂದ ಒಂದೇ ಡಿಸ್ಕನ್ನು ಆ ಯಂತ್ರಕ್ಕೆ ಜೋಡಿಸಿದರೆ 500 ಎಂದೂ ವಿಂಡೋಸ್ ಯಂತ್ರಕ್ಕೆ ಜೋಡಿಸಿದರೆ 465 ಎಂದೂ ಕಾಣುತ್ತದೆ. ಎರಡನೆಯದು ಗಿಬಿಬೈಟಿನಲ್ಲಿ ಎಣಿಸಿ ಗಿಗಾಬೈಟೆಂದು ಬರೆಯುತ್ತದೆ. ತಪ್ಪಿರುವುದು ಎಣಿಕೆಯಲ್ಲಲ್ಲ, ಹೆಸರಿನಲ್ಲಿ.

ಸಾವಿರಕ್ಕೂ 1,024ಕ್ಕೂ ಇರುವ ಅಂತರವು ಶೇಕಡ ಹತ್ತರೊಳಗಿನ ಮಾತಾಯಿತು. ಎಂಟು ಪಾಲಿನಷ್ಟು ದೊಡ್ಡ ತಪ್ಪಿಗೆ ಅವಕಾಶವಿರುವುದು ಬೇರೆಡೆಯಲ್ಲಿ. ಮಾಹಿತಿಯನ್ನು ಸಂಗ್ರಹಿಸುವಾಗ ಬೈಟುಗಳಲ್ಲಿ ಎಣಿಸುತ್ತಾರೆ. ಅದನ್ನು ತಂತಿಯಲ್ಲಿ ಅಥವಾ ಅಲೆಗಳ ಮೂಲಕ ಸಾಗಿಸುವಾಗ, ತಂತಿ ವರ್ತಮಾನದ ಕಾಲದಿಂದ ಬಂದ ರೂಢಿಯಂತೆ, ಬಿಟ್‌ಗಳಲ್ಲಿ ಎಣಿಸುತ್ತಾರೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕವೆಂದು ಜಾಹೀರಾತಿನಲ್ಲಿ ಓದಿದವನು, 3 ಗಿಗಾಬೈಟಿನ ಚಲನಚಿತ್ರವು ಮೂವತ್ತು ಸೆಕೆಂಡುಗಳಲ್ಲಿ ಬಂದಿಳಿಯುವುದೆಂದು ಎಣಿಸಬಹುದು. ಹಾಗಾಗುವುದಿಲ್ಲ. ಮೂರು ಗಿಗಾಬೈಟ್ ಎಂದರೆ 300 ಕೋಟಿ ಬೈಟ್. ಎಂಟರಿಂದ ಗುಣಿಸಿದರೆ 2,400 ಕೋಟಿ ಬಿಟ್. ಸೆಕೆಂಡಿಗೆ ಬರುವುದು 10 ಕೋಟಿ ಬಿಟ್. ಬೇಕಾಗುವ ಕಾಲವು 240 ಸೆಕೆಂಡು, ಎಂದರೆ ನಾಲ್ಕು ನಿಮಿಷ. ಅದೂ ಸಂಪರ್ಕವು ಒಂದು ಕ್ಷಣವೂ ಕುಂಟದೆ ಪೂರ್ಣ ವೇಗದಲ್ಲಿ ನಡೆದರೆ. ಬುಕ್‌ಹೋಲ್ಟ್ಸನು ಕಾಗುಣಿತವನ್ನು ಬದಲಿಸಿ ತಪ್ಪಿಸಲು ಯತ್ನಿಸಿದ ಗೊಂದಲವು ಇನ್ನೂ ಪೂರ್ಣವಾಗಿ ಹೋಗಿಲ್ಲ. ಇಂಗ್ಲಿಷ್ ಸಂಕ್ಷೇಪದಲ್ಲಿ ಬಿಟ್‌ಗೆ ಚಿಕ್ಕ ಅಕ್ಷರವನ್ನೂ ಬೈಟಿಗೆ ಅದೇ ಅಕ್ಷರದ ದೊಡ್ಡ ರೂಪವನ್ನೂ ಬಳಸುತ್ತಾರೆ. ನಾಲ್ಕು ನಿಮಿಷಕ್ಕೂ ಅರ್ಧ ನಿಮಿಷಕ್ಕೂ ಇರುವ ವ್ಯತ್ಯಾಸವೆಲ್ಲ ಆ ಒಂದು ಅಕ್ಷರದ ಗಾತ್ರದಲ್ಲಿ ಅಡಗಿದೆ.

ಕನ್ನಡದಲ್ಲಿ ಬರೆಯುವವರಿಗೆ ಈ ಲೆಕ್ಕವು ಮತ್ತೊಂದು ರೀತಿಯಲ್ಲಿ ಮುಖ್ಯವಾಗಿದೆ. ರೋಮನ್ ಲಿಪಿಯ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಭಾರತೀಯ ಲಿಪಿಗಳಿಗಾಗಿ ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಪ್ರಕಟಿಸಿದ ಸಂಕೇತ ಪದ್ಧತಿಯಲ್ಲಿ ಕನ್ನಡಕ್ಕೂ ಸಂಕೇತಕ್ಕೊಂದು ಬೈಟೇ ಇತ್ತು. ಅದೇ ವರ್ಷ ಪ್ರಕಟವಾದ ಯುನಿಕೋಡ್ ಎಂಬ ವಿಶ್ವಸಂಕೇತವು ಲೋಕದ ಲಿಪಿಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ತರುವ ಉದ್ದೇಶದ್ದು. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಓಣಿಯನ್ನು ಮೀಸಲಿಟ್ಟಿದ್ದಾರೆ. 256 ವಿನ್ಯಾಸಗಳ ಒಂದು ಬೈಟಿನಲ್ಲಿ ಲೋಕದ ಲಿಪಿಗಳೆಲ್ಲ ಹಿಡಿಯಲಾರವು. ಆದುದರಿಂದ ಇಂದು ಅತ್ಯಂತ ಪ್ರಚಾರದಲ್ಲಿರುವ ಯುಟಿಎಫ್-8 ಎಂಬ ಬರವಣಿಗೆಯ ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತವೂ ಮೂರು ಮೂರು ಬೈಟುಗಳನ್ನು ತೆಗೆದುಕೊಳ್ಳುತ್ತದೆ.

ಇಲ್ಲಿ ಸಂಕೇತವೆಂಬುದು ಕಣ್ಣಿಗೆ ಕಾಣುವ ಅಕ್ಷರವಲ್ಲವೆಂಬುದನ್ನು ಮರೆಯಬಾರದು. ‘ಕನ್ನಡ’ ಎಂಬ ಪದದಲ್ಲಿ ಓದುಗನಿಗೆ ಮೂರು ಅಕ್ಷರಗಳು ಕಾಣುತ್ತವೆ. ಯಂತ್ರವು ಎಣಿಸುವುದು ಐದನ್ನು: ಕ, ನ, ಒತ್ತಕ್ಷರವನ್ನು ಕೂಡಿಸುವ ಚಿಹ್ನೆ, ಮತ್ತೊಂದು ನ, ಡ. ಐದು ಸಂಕೇತಗಳಿಗೆ ಹದಿನೈದು ಬೈಟು. ಇದೇ ಪದವನ್ನು ರೋಮನ್ ಲಿಪಿಯಲ್ಲಿ ಬರೆದರೆ ಏಳು ಬೈಟು ಸಾಕು. ‘ಬೆಂಗಳೂರು’ ಎಂಬುದರಲ್ಲಿ ಕಾಣುವ ಅಕ್ಷರಗಳು ನಾಲ್ಕು, ಸಂಕೇತಗಳು ಎಂಟು, ಬೈಟುಗಳು ಇಪ್ಪತ್ತನಾಲ್ಕು. ಪುಸ್ತಕಗಳ ಸಂಗ್ರಹಕ್ಕೆ ಇದರಿಂದ ಬಾಧೆಯೇನೂ ಇಲ್ಲ. ಪುಟಕ್ಕೆ 1,500 ಸಂಕೇತಗಳೆಂದು ಹಿಡಿದರೆ 200 ಪುಟಗಳ ಕನ್ನಡ ಗ್ರಂಥಕ್ಕೆ ಮೂರು ಲಕ್ಷ ಸಂಕೇತಗಳು, ಒಂಬತ್ತು ಲಕ್ಷ ಬೈಟುಗಳು. ಒಂದು ಮೆಗಾಬೈಟಿಗೂ ಕಡಮೆ. 500 ಗಿಗಾಬೈಟಿನ ಆ ಡಿಸ್ಕಿನಲ್ಲಿ ಇಂಥ ಐದು ಲಕ್ಷ ಗ್ರಂಥಗಳು ಹಿಡಿದು ಇನ್ನೂ ಸ್ಥಳವು ಮಿಗುತ್ತದೆ. ಅಪೊಲೊ ನೌಕೆಯ ಸ್ಥಿರ ಸ್ಮರಣೆಯಲ್ಲಾದರೆ ಹದಿನಾರು ಪುಟಗಳಷ್ಟೇ ಹಿಡಿಯುತ್ತಿದ್ದವು.

ಇಕ್ಕಟ್ಟು ಉಂಟಾಗುವುದು ದೂರವಾಣಿಯ ಕಿರುಸಂದೇಶದಲ್ಲಿ. ಒಂದು ಸಂದೇಶಕ್ಕೆ ಗೊತ್ತುಪಡಿಸಿದ ಅಳತೆಯು 140 ಬೈಟುಗಳು, ಎಂದರೆ 1,120 ಬಿಟ್‌ಗಳು. ಇಂಗ್ಲಿಷ್ ಅಕ್ಷರಗಳಿಗೆ ಇಲ್ಲಿ ಏಳೇ ಬಿಟ್‌ಗಳನ್ನು ಬಳಸುತ್ತಾರೆ. 1,120ನ್ನು ಏಳರಿಂದ ಭಾಗಿಸಿದರೆ 160 ಅಕ್ಷರಗಳು. ಕನ್ನಡದ ಸಂದೇಶವನ್ನು ಸಾಮಾನ್ಯವಾಗಿ ಸಂಕೇತಕ್ಕೆ ಹದಿನಾರು ಬಿಟ್‌ಗಳಂತೆ ಕಳುಹಿಸುತ್ತಾರೆ. ಹದಿನಾರರಿಂದ ಭಾಗಿಸಿದರೆ ದೊರೆಯುವುದು 70 ಸಂಕೇತಗಳು ಮಾತ್ರ. ಅವುಗಳಲ್ಲಿ ಕಾಗುಣಿತದ ಚಿಹ್ನೆ, ಒತ್ತಿನ ಚಿಹ್ನೆ, ಪದಗಳ ನಡುವಣ ತೆರಪು ಎಲ್ಲವೂ ಸೇರಬೇಕು. ಎಪ್ಪತ್ತೊಂದನೆಯ ಸಂಕೇತವನ್ನು ಬರೆದೊಡನೆ ಒಂದು ಸಂದೇಶವು ಎರಡಾಗುತ್ತದೆ, ದರವಿರುವಲ್ಲಿ ದರವೂ ಎರಡರಷ್ಟಾಗುತ್ತದೆ. ಅಷ್ಟೇ ಅಲ್ಲ, ಎರಡು ತುಂಡುಗಳನ್ನು ಮತ್ತೆ ಜೋಡಿಸಲು ಬೇಕಾದ ಗುರುತಿಗಾಗಿ ಪ್ರತಿ ತುಂಡಿನಿಂದಲೂ ಆರು ಬೈಟುಗಳನ್ನು ಕಳೆಯುತ್ತಾರೆ. ಉಳಿದ 134 ಬೈಟುಗಳಲ್ಲಿ, ಸಂಕೇತಕ್ಕೆ ಎರಡು ಬೈಟಿನಂತೆ, 67 ಸಂಕೇತಗಳು ಹಿಡಿಯುತ್ತವೆ. 71 ಸಂಕೇತಗಳ ಸಂದೇಶದಲ್ಲಿ ಮೊದಲನೆಯ ತುಂಡು 67ನ್ನು ಹೊತ್ತು ಹೋಗುತ್ತದೆ. ಎರಡನೆಯದು ನಾಲ್ಕೇ ನಾಲ್ಕನ್ನು ಹೊತ್ತುಕೊಂಡು ಅದರ ಹಿಂದೆ ಹೊರಡುತ್ತದೆ.